ಆರಕ್ಕೂ ಮೂರಕ್ಕೂ ನಡುವೆ

ದುರ್ಗಿಗುಡಿಯ ಬಳೆ ಅಂಗಡಿ ಮೇಲೆ ಇಲಾಹಿಯ ಮಳಿಗೆ.
ಗೋಡೆಯಲ್ಲಿ ಎರಡು ಬೇಸ್ ಗಿಟಾರು:
ನಾಲ್ಕು ತಂತಿಯದು ಕರಿ, ಹದಿನಾಲ್ಕು ಸಾವಿರ.
ಐದು ತಂತಿಯದು ಬೆಲ್ಲದ ಬಣ್ಣ, ಹತ್ತೊಂಬತ್ತೂವರೆ.
ನಾನು ಆರು ತಂತಿಯವಳು,
ಹದಿನೆಂಟು ವರ್ಷ ಆರರಲ್ಲೇ ಉಂಡವಳು.

ಪ್ಲಾಸಿಡ್ ಮದುವೆಯಾಗಿ ಹೊನ್ನಾವರಕ್ಕೆ ಹೋದ.
ಹೋಗುವಾಗ ಬೇಸನ್ನೂ ಒಯ್ದ, ಅವನದೇ ತಾನೆ.
ಗೋಪಿ ಸರ್ಕಲ್ ಹಿಂದಿನ ರಿಹರ್ಸಲ್ ಕೋಣೆಯಲ್ಲಿ
ಎಲ್ಲರೂ ನನ್ನ ಕಡೆ ತಿರುಗಿದರು.
"ಗಿಟಾರ್ ಬರ್ತದಲ್ಲ ಜಸಿಂತಾ, ಬೇಸ್ ಏನ್ ಮಹಾ,
ಎರಡು ತಂತಿ ಕಮ್ಮಿ, ಅಷ್ಟೇ."
ಇದು ಡ್ರಮ್ಮಿನ ಹಾಲೇಶನ ಲೆಕ್ಕ.
ಅವನಿಗೆ ತಂತಿಯೇ ಇಲ್ಲ.

ನಾಲ್ಕನ್ನು ತೊಡೆಯ ಮೇಲಿಟ್ಟುಕೊಂಡೆ.
ಇ, ಎ, ಡಿ, ಜಿ. ನನ್ನ ಓಣಿಯೇ, ಒಂದು ಸ್ಥಾಯಿ ಕೆಳಗೆ.
ಗುರುತಿನ ಮನೆಗಳು, ಬಾಗಿಲು ಮಾತ್ರ ದಪ್ಪ.
ಬೆರಳು ಯಾರನ್ನೂ ಕೇಳದೆ ನಡೆಯಿತು.
"ನಿಮಗೆ ನಾಲ್ಕೇ ಸಾಕು ಮೇಡಂ," ಅಂದ ಇಲಾಹಿ, "ಸಣ್ಣ ಕೈ."
ಅಲ್ಲಿಯತನಕ ನಾಲ್ಕೇ ಸಾಕು ಅಂದುಕೊಂಡಿದ್ದವಳು
ಐದನ್ನು ಇಳಿಸಲು ಹೇಳಿದೆ.

ಹಲಗೆಯಷ್ಟು ಅಗಲದ ಕುತ್ತಿಗೆ.
ಐದನೆಯ ತಂತಿ ಇರುವುದು ಎಲ್ಲಕ್ಕಿಂತ ಮೇಲೆ, ನನ್ನ ಗದ್ದದ ಹತ್ತಿರ;
ನುಡಿಯುವುದು ಎಲ್ಲಕ್ಕಿಂತ ಕೆಳಗೆ.
ಕೊನೆಯ ತಂತಿ ಅಂದರೆ ಇ ಎಂದೇ ನಂಬಿದ್ದ ಹೆಬ್ಬೆರಳು
ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ ತಡವರಿಸಿತು.
ಮೀಟಿದೆ.
ಸ್ವರ ಅಂತ ಕೇಳಲಿಲ್ಲ ಮೊದಲು.
ಕೆಳಗಿನ ಅಂಗಡಿಯಲ್ಲಿ ಬಳೆ ಅಲುಗಿದವು.

ತೂಕ ಜಾಸ್ತಿ. ತಂತಿ ಹರಿದರೆ ಹೊಸ ಸೆಟ್ಟಿಗೆ ತಿಂಗಳು ಕಾಯಬೇಕು.
ನಮ್ಮ ಸ್ಪೀಕರಿಗೆ ಆ ಸ್ವರ ಹೊರಡಿಸುವ ಗಂಟಲಿಲ್ಲ.
ಗಣಪತಿ ಸೀಸನ್ನಿಗೆ ಮೂವತ್ತು ಹಾಡು,
ಇಪ್ಪತ್ತೊಂಬತ್ತಕ್ಕೆ ನಾಲ್ಕು ಧಾರಾಳ.
ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಅಂತಾರಲ್ಲ,
ಆ ಗಾದೆ ಕಟ್ಟಿದವನು
ನಡುವಿನ ಎರಡರ ಮುಂದೆ ದುಡ್ಡು ಹಿಡಿದು ನಿಂತವನಲ್ಲ.

ಮೂವತ್ತನೆಯದು ಕುಬೇರಪ್ಪನವರದು.
ನಾನು ಸೇರಿದಾಗ ಅದನ್ನು ಜಿಯಲ್ಲಿ ಹಾಡುತ್ತಿದ್ದರು.
ಮಗಳ ಮದುವೆಯಾದ ವರ್ಷ ಎಫ್, ಆಮೇಲೆ ಇ.
ಈಗ ಡಿ.
"ಮೈಕು ಸರಿ ಇಲ್ಲ" ಅನ್ನುತ್ತಾರೆ,
ನಾವೂ ಮೈಕನ್ನೇ ಬೈಯುತ್ತೇವೆ.
ನಾಲ್ಕು ತಂತಿಯಲ್ಲಿ ಇ-ಗಿಂತ ಕೆಳಗೆ ನೆಲವಿಲ್ಲ.
ಪ್ಲಾಸಿಡ್ ಅಲ್ಲಿಗೆ ಬಂದು ಮೇಲಿನ ಡಿ-ಗೆ ಹಾರುತ್ತಿದ್ದ,
ಕೇಳುವವರಿಗೆ ಏನೂ ಅನ್ನಿಸದು.
ಆದರೆ ಪಲ್ಲವಿಯ ತುದಿಗೆ ಅವರು ಷಡ್ಜಕ್ಕೆ ಇಳಿಯುವ ಹೊತ್ತಿಗೇ
ಬೇಸು ಅದೇ ಏಣಿಯಲ್ಲಿ ಎದುರಿಗೆ ಹತ್ತಿ ಬರುತ್ತಿತ್ತು.
ಸಾಗರದಲ್ಲಿ ಒಮ್ಮೆ ಹಾಡುತ್ತಲೇ ಹಿಂದೆ ತಿರುಗಿ ನೋಡಿದ್ದರು.
ಪ್ಲಾಸಿಡ್ ಪಾಪ ಶ್ರುತಿ ಸರಿಮಾಡುವಂತೆ ನಟಿಸಿದ.

ಐದನೆಯ ತಂತಿಯ ಮೂರನೆಯ ಮೆಟ್ಟಿಲಲ್ಲಿ ಆ ಡಿ ಇದೆ.
ಅದೂ ಆಗದ ವರ್ಷಕ್ಕೆ ಇನ್ನೆರಡು ಮೆಟ್ಟಿಲು,
ಅದರ ಕೆಳಗೆ ಬಿಟ್ಟ ತಂತಿ.
ಅವರಿಗಿಂತ ಮೊದಲೇ ಹೋಗಿ ಅಲ್ಲಿ ನಿಂತಿರಬಹುದು,
ಬೇಕೆಂದೇ ಬಂದವಳ ಹಾಗೆ.

ಇಲಾಹಿ ಐನೂರು ಬಿಟ್ಟ.

ಮೊದಲ ದಿನ ಇ ಬೀಳಬೇಕಾದಲ್ಲೆಲ್ಲ ಬಿ ಬಿತ್ತು.
ಹಾಲೇಶ ಕೋಲು ಕೆಳಗಿಟ್ಟ.
"ಜಸಿಂತಾ, ಹೊರಗೆ ಲಾರಿ ಏನಾದ್ರೂ ಬಂತಾ?"
ಕುಬೇರಪ್ಪ ಮೈಕಿನಲ್ಲೇ ಕೇಳಿದರು, ಕೋಣೆಯೆಲ್ಲ ನಕ್ಕಿತು.
ಟೀ ಕುಡಿಯಲು ಎಲ್ಲರೂ ಎದ್ದ ಮೇಲೆ
ತಮ್ಮ ಹಾಡಿನ ಹಾಳೆ ಹಿಡಿದು ಹತ್ತಿರ ಬಂದರು.
ಡಿ ಅಂತ ಬರೆದದ್ದನ್ನು ಪೆನ್ನಿನಲ್ಲಿ ಹೊಡೆದಿತ್ತು,
ಪಕ್ಕದಲ್ಲಿ ಸಣ್ಣಗೆ ಸಿ ಶಾರ್ಪ್.
"ಇದು ಆಗ್ತದಾ, ಅದರಲ್ಲಿ?"

ಎರಡನೆಯ ಮೆಟ್ಟಿಲು ಎಲ್ಲಿದೆಯೆಂದು ತಡವುತ್ತ
ಆಗ್ತದೆ ಅಂದೆ.